ಜರ್ಮನಿಯ ಅಂಕಪಟ್ಟಿ

ಬೆಳಗಿನ ಅಂಚೆಯಲ್ಲಿ ಬಂದ ಅಂಕಪಟ್ಟಿಯಲ್ಲಿ ಹಾಲೇಶಪ್ಪ ಮೇಷ್ಟ್ರಿಗೆ ಓದಲು ಬಂದದ್ದು ಒಂದೇ ಒಂದು ಅಂಕಿ. ದುರದೃಷ್ಟಕ್ಕೆ ಅದೂ ಒಂದೇ ಆಗಿತ್ತು.

ಮೇಷ್ಟ್ರು ಕನ್ನಡಕ ಒರೆಸಿ ನೋಡಿದರು, ಬಿಸಿಲಿಗೆ ಹಿಡಿದು ನೋಡಿದರು. ಒಂದು ಎರಡಾಗಲಿಲ್ಲ. ತಮ್ಮ ಮರುಳಪ್ಪ ಪಶ್ಚಿಮ ಜರ್ಮನಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಹೋದ ವರ್ಷ, ಅಂದರೆ ಎಪ್ಪತ್ತೇಳರಲ್ಲಿ, ಇದೇ ಜಾಗದಲ್ಲಿ ಮೂರು ಇತ್ತು.

ಅವನ ಓದಿನ ಖರ್ಚು ಕೊಡುತ್ತಿದ್ದದ್ದು ಹೊನ್ನಾಳಿಯ ಅಡಿಕೆ ವರ್ತಕರು ಕಟ್ಟಿಕೊಂಡಿದ್ದ ವಿದ್ಯಾನಿಧಿ ಸಮಿತಿ. ಅಧ್ಯಕ್ಷ ಜಯದೇವಪ್ಪನವರು ಬರೆಸಿದ ನಿಯಮ ಬಹಳ ಸರಳ: ಪ್ರತಿ ವರ್ಷ ಹುಡುಗ ಹಿಂದಿನ ವರ್ಷಕ್ಕಿಂತ ಮೇಲೇರಿರಬೇಕು, ಕೆಳಗಿಳಿದರೆ ಸಹಾಯ ಬಂದ್. ಡಿಗ್ರಿಗೆ ಇನ್ನೊಂದೇ ವರ್ಷ ಬಾಕಿ. ಸಹಾಯ ನಿಂತರೆ ಮರುಳಪ್ಪ ಓದು ಅರ್ಧಕ್ಕೆ ಬಿಟ್ಟು ಬರಿಗೈಯಲ್ಲಿ ತನ್ನೂರು ನ್ಯಾಮತಿಗೆ ಬರಬೇಕು. ಸಮಿತಿ ಸೇರುವುದು ವರ್ಷಕ್ಕೆ ಒಂದೇ ಸಲ. ಆ ಸಲ ಇವತ್ತು, ಸಂಜೆ ನಾಲ್ಕಕ್ಕೆ.

ಮೇಷ್ಟ್ರ ಚಿಂತೆಗೆ ಇನ್ನೊಂದು ಕಾರಣವೂ ಇತ್ತು. ಹೋದ ವರ್ಷ ಜಯದೇವಪ್ಪನವರು "ಎಷ್ಟಕ್ಕೆ ಮೂರು ಮೇಷ್ಟ್ರೇ?" ಎಂದು ಕೇಳಿದ್ದರು. ಗೊತ್ತಿಲ್ಲ ಎನ್ನಲು ಮೇಷ್ಟ್ರುತನ ಬಿಡಲಿಲ್ಲ. "ಐದಕ್ಕೆ ಮೂರು. ಅರವತ್ತು ಪರ್ಸೆಂಟು, ಫಸ್ಟ್ ಕ್ಲಾಸು" ಎಂದುಬಿಟ್ಟಿದ್ದರು. ಮರುಳಪ್ಪನೋ ಹಿಮದ ಬಗ್ಗೆ, ಅಲ್ಲಿನ ಗಟ್ಟಿ ಬ್ರೆಡ್ಡಿನ ಬಗ್ಗೆ ಪುಟಗಟ್ಟಲೆ ಬರೆಯುತ್ತಿದ್ದನೇ ಹೊರತು ಅಂಕದ ಲೆಕ್ಕ ಬಿಡಿಸಿ ಬರೆದವನಲ್ಲ. ಅಣ್ಣ ಮೇಷ್ಟ್ರು, ಎಲ್ಲ ಗೊತ್ತಿರುತ್ತದೆ ಎಂದು ನಂಬಿದ್ದ, ಪಾಪ.

"ಯಾಕ್ರೀ ಮೇಷ್ಟ್ರೇ, ಮುಖ ಹಂಗಾಗೈತೆ? ಹುಡುಗನ ಮಾರ್ಕ್ಸು ಇಳಿದಾವಾ?" ಲಕೋಟೆ ಕೊಟ್ಟು ಅಲ್ಲೇ ನಿಂತಿದ್ದ ಪೋಸ್ಟ್‌ಮನ್ ಬೀರಲಿಂಗಪ್ಪ ಕೇಳಿದ.

"ಇಳಿದಾವಪ್ಪ. ಯಾರ ಮುಂದೂ ಹೇಳಬ್ಯಾಡ."

"ನಾನ್ಯಾಕೆ ಹೇಳ್ಲಿ?" ಎಂದು ಬೀರಲಿಂಗಪ್ಪ ಸೈಕಲ್ ಹತ್ತಿದ.

ಮೇಷ್ಟ್ರು ಶಾಲೆಗೆ ಹೊರಟು ಹೋಟೆಲ್ ದಾಟುವಷ್ಟರಲ್ಲಿ ಮರುಳಪ್ಪ ಫೇಲಾಗಿದ್ದ. ಹಿಟ್ಟಿನ ಗಿರಣಿಯ ಹತ್ತಿರ ಬರುವಾಗ ಅವನನ್ನು ಕಾಲೇಜಿನಿಂದ ಹೊರಗೆ ಹಾಕಿದ್ದರು. ಶಾಲೆಯಲ್ಲಿ ಹೆಡ್‌ಮಾಸ್ಟರು ಮೇಷ್ಟ್ರ ಕೈ ಹಿಡಿದುಕೊಂಡು, "ಆಗಿದ್ದು ಆತು ಬಿಡ್ರಿ. ಅವನು ಕಟ್ಟಿಕೊಂಡ ಜರ್ಮನಿ ಹುಡುಗಿ ರೊಟ್ಟಿ ಬಡಿಯಾಕಾದ್ರೂ ಕಲೀತಾಳಂತಾ?" ಎಂದು ಮೆಲ್ಲಗೆ ಕೇಳಿದರು. ಮೇಷ್ಟ್ರು ಅರ್ಧ ದಿನದ ರಜೆ ಬರೆದುಕೊಟ್ಟು ಮನೆಗೆ ಬಂದುಬಿಟ್ಟರು.

ಹೆಂಡತಿ ಕಸ್ತೂರಮ್ಮ ತಾಯಿಯಿಲ್ಲದ ಆ ಮೈದುನನಿಗೆ ತುತ್ತಿಟ್ಟು ಬೆಳೆಸಿದವಳು. "ಇದ್ದದ್ದು ಇದ್ದಂಗೆ ಹೇಳಿಬಿಡ್ರಿ. ಜಯದೇವಪ್ಪನೋರು ಒಳ್ಳೇರು" ಎಂದಳು.

"ಅವರು ಒಳ್ಳೇರೇ. ಅವರ ನಿಯಮ ಒಳ್ಳೇದಲ್ಲ."

ಅಷ್ಟರಲ್ಲಿ ಪಕ್ಕದ ಮನೆಯ ಗೋಣೆಪ್ಪ ಸಮಾಧಾನ ಹೇಳಲು ಬಂದ. ಸುತ್ತಲಿನ ಅಂಗಡಿಗಳಿಗೆಲ್ಲ ಬೋರ್ಡು ಬರೆಯುವವನು ಅವನೇ. ಅಂಕಪಟ್ಟಿಯನ್ನು ಕೈಗೆ ತೆಗೆದುಕೊಂಡವನ ಕಣ್ಣು ಅರಳಿತು.

"ಇಷ್ಟಕ್ಕೆ ಅಳ್ತಾ ಕುಂತೀರಾ? ಇವರು ಒಂದು ಬರೆಯೋದು ನೋಡ್ರಿ, ನೆತ್ತಿಯಿಂದ ಎಡಕ್ಕೆ ಎಷ್ಟುದ್ದ ಗೆರೆ ಇಳಿಸ್ಯಾರೆ! ಒಂದು ಅಡ್ಡಗೆರೆ ಎಳೆದ್ರೆ ನಾಲ್ಕು."

ಇಪ್ಪತ್ತು ವರ್ಷದ ನೌಕರಿಯಲ್ಲಿ ಒಬ್ಬ ಹುಡುಗನಿಗೂ ಅರ್ಧ ಅಂಕ ಹೆಚ್ಚು ಹಾಕಿದವರಲ್ಲ ಮೇಷ್ಟ್ರು. ಆದರೆ ಐದಕ್ಕೆ ನಾಲ್ಕು ಎಂದರೆ ಎಂಬತ್ತು ಪರ್ಸೆಂಟು. ಕಣ್ಣು ಮುಚ್ಚಿಕೊಂಡು "ಎಳಿ" ಎಂದರು. ಕಸ್ತೂರಮ್ಮ ಸಿಟ್ಟಿನಿಂದ ಒಳಗೆ ಹೋದಳು. ಗೋಣೆಪ್ಪ ಮಸಿಯ ಬಣ್ಣ ಹದ ಮಾಡಿ, ಉಸಿರು ಬಿಗಿಹಿಡಿದು ಗೆರೆ ಎಳೆದ. ಬರೆದ ಪ್ರೊಫೆಸರೇ ಬಂದು ನೋಡಿದರೂ ತನ್ನ ಕೈಬರಹವೇ ಎನ್ನಬೇಕು, ಹಾಗಿತ್ತು.

ನಾಲ್ಕು ಗಂಟೆಗೆ ಮೇಷ್ಟ್ರು ಹೊನ್ನಾಳಿಯ ಮಂಡಿಯಲ್ಲಿ ಅಡಿಕೆ ಚೀಲಗಳ ನಡುವೆ ಬೆವರುತ್ತ ಕುಳಿತಿದ್ದರು.

"ಮೇಷ್ಟ್ರೇ, ಮೊದ್ಲು ಒಂದು ಮಾತು" ಎಂದರು ಜಯದೇವಪ್ಪನವರು. "ಹೋದ ವರ್ಷ ನೀವು ಹೇಳಿದ ಲೆಕ್ಕ ತಪ್ಪೈತೆ. ನಮ್ಮ ಅಳಿಯ ಮೂರು ವರ್ಷ ಜರ್ಮನಿಯಾಗೆ ಇದ್ದು ಮೊನ್ನೆ ಬಂದಾನೆ. ಅಲ್ಲಿ ಎಲ್ಲಾ ಉಲ್ಟಾ ಅಂತೆ. ಒಂದು ಬಂದ್ರೆ ಎಲ್ಲಾರಿಗಿಂತ ಮೇಲು. ನಾಲ್ಕು ಬಂದ್ರೆ ಹೆಂಗೋ ದಡ ಸೇರಿದ ಅಂತ. ಐದಕ್ಕೆ ಫೇಲು."

"ಒಂದು ಅಂದ್ರೆ ಮೇಲಾ?" ಮೇಷ್ಟ್ರು ಎದ್ದೇ ನಿಂತರು. ನನ್ನ ಮರುಳ, ನನ್ನ ಬಂಗಾರ ಎಂದು ಕುಣಿಯುವಂತಾಯಿತು. ಆ ಸಂತೋಷ ಕೈ ಜೇಬಿಗೆ ಹೋಗುವತನಕ ಉಳಿಯಿತು.

"ಎಲ್ಲಿ, ಕೊಡ್ರಿ" ಎಂದು ಜಯದೇವಪ್ಪನವರೇ ಲಕೋಟೆ ತೆಗೆದುಕೊಂಡು ಬಿಚ್ಚಿದರು. "ಅಯ್ಯೋ, ನಾಲ್ಕು!"

"ಅದು ನಾಲ್ಕಲ್ಲ ಸಾವ್ಕಾರ್ರೇ, ಒಂದು! ನಾನೇ ತಿದ್ದಿಸಿದ್ದು! ತಪ್ಪು ನಂದು, ಹುಡುಗಂದಲ್ಲ!"

ಸದಸ್ಯರೆಲ್ಲ ಕಾಗದವನ್ನು ದೀಪಕ್ಕೆ ಹಿಡಿದು ನೋಡಿದರು. ಗೋಣೆಪ್ಪನ ಕೈ ಸಾಮಾನ್ಯದ್ದಲ್ಲ. ತಿದ್ದಿದ ಗುರುತು ಕೂದಲೆಳೆಯಷ್ಟೂ ಸಿಗಲಿಲ್ಲ.

"ಪಕ್ಕದ ಮನೆ ಗೋಣೆಪ್ಪನ್ನ ಕೇಳ್ರಿ ಬೇಕಾದ್ರೆ!"

"ಪಕ್ಕದ ಮನೆಯೋನು ನೀವು ಹೇಳಿದಂಗೆ ಹೇಳ್ತಾನೆ ಬಿಡ್ರಿ" ಎಂದರು ಜಯದೇವಪ್ಪನವರು ಮರುಕದಿಂದ. "ಅಂಕ ತಿದ್ದೋರನ್ನ ಬೇಕಾದಷ್ಟು ನೋಡೀನಿ. ಮೇಲಿದ್ದೋನನ್ನ ಕೆಳಗೆ ತಳ್ಳಾಕೆ ತಿದ್ದೋರು ಲೋಕದಾಗೆ ಎಲ್ಲಾದ್ರೂ ಅದಾರಾ? ತಮ್ಮನ್ನ ಉಳಿಸಾಕೆ ಕಳ್ಳನ ಹೆಸರು ಹೊತ್ಕೊಳ್ತೀರಲ್ಲ, ನಿಮ್ಮಂಥ ಅಣ್ಣ ಯಾರಿಗೆ ಸಿಗ್ತಾನೆ!"

"ಕಾಲೇಜಿಗೆ ಬರೆದು ಇನ್ನೊಂದು ಪ್ರತಿ ತರಿಸ್ತೀನಿ..."

"ತರಿಸ್ರಿ. ಬರೋ ವರ್ಷದ ಸಭೆಯಾಗೆ ನೋಡಾಣ."

ಸಭೆ ಎರಡು ಠರಾವು ಪಾಸು ಮಾಡಿತು. ಒಂದರ ಪ್ರಕಾರ ಮರುಳಪ್ಪನ ಸಹಾಯ ಅಂದಿನಿಂದಲೇ ನಿಂತಿತು. ಹಾಲೇಶಪ್ಪ ಮೇಷ್ಟ್ರಿಗೆ ಎರಡನೆಯದರ ಪ್ರಕಾರ ಅಲ್ಲಿಯೇ ಶಾಲು ಹೊದಿಸಲಾಯಿತು. ಒಂದು ಗೆರೆ ಎಳೆದು ಮುಚ್ಚಿಹಾಕಬಹುದಾಗಿದ್ದ ಕೆಟ್ಟ ಅಂಕಪಟ್ಟಿಯನ್ನು ಇದ್ದದ್ದು ಇದ್ದಂತೆ ತಂದು ಸಭೆಯ ಮುಂದಿಟ್ಟ ಪ್ರಾಮಾಣಿಕತೆಗಾಗಿ.