ಎರಡು ಒಲೆಯ ಮನೆ

ತಾಪತ್ರಯಕ್ಕೆಲ್ಲ ಕಾರಣ ಅರ್ಜಿಯ ನಾಲ್ಕನೇ ಕಲಮು. ‘ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರೆಲ್ಲರ ಒಟ್ಟು ಆದಾಯ’ ಅಂತ ಅದರಲ್ಲಿತ್ತು. ಗಡಿಯಾರ ರಿಪೇರಿಯವನು ಪೆನ್ನು ಹಿಡಿದುಕೊಂಡು ಅಲ್ಲೇ ಕೂತುಬಿಟ್ಟ.

ಅವನನ್ನು ಸಾಕಿ ಬೆಳೆಸಿದ ಅಕ್ಕನಿಗೆ ಒಂದು ಪಕ್ಕ ಸ್ವಾಧೀನ ತಪ್ಪಿ ಎರಡು ವರ್ಷ. ಅಂಗಡಿ ಮುಚ್ಚಿ, ಕೆಲಸದ ಮೇಜನ್ನು ಅವಳ ಮಂಚದ ಪಕ್ಕಕ್ಕೇ ಹಾಕಿಕೊಂಡಿದ್ದ. ಆಸ್ಪತ್ರೆಗೆಂದು ಸಹಕಾರ ಸಂಘದಲ್ಲಿ ಮಾಡಿದ ಸಾಲ ಈಗ ಕುತ್ತಿಗೆಗೆ ಬಂದಿತ್ತು. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರ ಆದಾಯ ಕಮ್ಮಿಯಿದ್ದರೆ ಸಂಘ ಕಂತನ್ನು ಅರ್ಧ ಮಾಡುತ್ತಿತ್ತು. ಮಾಡದಿದ್ದರೆ ಇವನು ಬೆಳಗಿನಿಂದ ಸಂಜೆಯವರೆಗೆ ಕಾರ್ಖಾನೆಗೆ ಹೋಗಬೇಕು, ಅಕ್ಕ ಆಶ್ರಮ ಸೇರಬೇಕು.

ಅಷ್ಟರಲ್ಲಿ ಮಹಡಿಯಿಂದ ಲೆಕ್ಕದ ಮಾಮ ಇಳಿದು ಬಂದರು. ನಿವೃತ್ತ ಗುಮಾಸ್ತರು. ಬೀದಿಯಲ್ಲಿ ಯಾರು ಅರ್ಜಿ ತಂದರೂ ಕರೆಯದೇ ಬಂದು ತುಂಬಿಕೊಡುವ ಪುಣ್ಯಾತ್ಮರು.

“ನಿನ್ನ ರಿಪೇರಿ ದುಡ್ಡು ಮಿತಿಯೊಳಗಿದೆ. ಅಕ್ಕನ ಪಿಂಚಣಿ ಸೇರಿಸಿದ್ಯೋ, ಕೆಟ್ಟೆ. ಅವಳದು ಬೇರೆ ಒಲೆ ಅಂತ ಬರಿ.”

“ಎದ್ದು ಕೂರೋಕೇ ಅವಳಿಗೆ ನಾನು ಬೇಕು ಮಾಮ. ಒಲೆ ಹಚ್ಚುತ್ತಾಳಾ?”

“ಹಚ್ಚೋರು ಯಾರು ಅಂತ ಅರ್ಜೀಲಿ ಎಲ್ಲಿ ಕೇಳಿದಾರೆ? ಕೊಡು ಇಲ್ಲಿ,” ಅಂತ ಮಾಮ ಪೆನ್ನು ಕಿತ್ತುಕೊಂಡು ಬರೆದೇಬಿಟ್ಟರು.

ಇದನ್ನು ಅಕ್ಕನಿಗೆ ಹೇಳುವುದು ಹೇಗೆ? ಅವಳ ತಲೆ ಬಾಚುತ್ತಾ, ಹಿಂದೆ ನಿಂತೇ ಹೇಳಿದ. ಮುಖ ನೋಡಿ ಹೇಳಲು ಧೈರ್ಯ ಸಾಲಲಿಲ್ಲ.

“ನಾನು ನಿನ್ನ ಮನೆಯವಳಲ್ಲ ಅಂತ ತಾನೆ? ಬರ್ಕೋ ಹೋಗು, ಕಾಗದ ತಾನೆ,” ಅಂದಳು ಅಕ್ಕ. ಅವಳು ಇಷ್ಟು ಸುಲಭವಾಗಿ ಒಪ್ಪಿದ್ದು ಕಂಡು ಅವನಿಗೆ ಇನ್ನಷ್ಟು ಬೇಜಾರಾಯಿತು.

ಎದುರುಮನೆಯ ಟೈಲರಮ್ಮ ಹಳೇ ಸ್ಟೌವೊಂದನ್ನು ಹೊತ್ತು ತಂದರು. ಬಳಕೆಯಲ್ಲಿರುವಂತೆ ಕಾಣಲೆಂದು ಅದರ ಮೇಲೆ ಹಾಲು, ಮನೆಯ ಒಲೆಯ ಮೇಲೆ ಅನ್ನ. ಅರ್ಜಿಯ ತನಿಖೆಗೆ ಬಂದ ಸಂಘದ ಮೇಡಂ ಬಾಗಿಲು ತಟ್ಟುವಾಗ ಹಾಲು ಉಕ್ಕಿತು. ಅದನ್ನು ಒರೆಸುವಷ್ಟರಲ್ಲಿ ಅನ್ನ ಸೀದಿತು. ಅವನು ಕೈಗೆ ಸಿಕ್ಕಿದ ತನ್ನ ಅಂಗಿಯಲ್ಲೇ ಒಲೆ ಒರೆಸಿ ಬನಿಯನ್ನಿನಲ್ಲಿ ಬಂದು ನಿಂತ.

ಮೇಡಂ ಎರಡು ಒಲೆಯನ್ನೂ ನೋಡಿ ಅಕ್ಕನ ಹತ್ತಿರ ಕೂತರು. “ನಿಮ್ಮಿಬ್ಬರ ಊಟ ಬೇರೆ ಬೇರೇನಾ?”

“ಬೇರೇನೇ. ನನಗೆ ತಿನ್ನಿಸಿ ಆದಮೇಲೆ ಇವನು ತಿಂತಾನೆ. ಎಷ್ಟು ಸಲ ಹೇಳಿದರೂ ಜೊತೆಗೆ ತಿನ್ನಲ್ಲ.”

ಮಾಮ ಜೋರಾಗಿ ಕೆಮ್ಮಿದರು. ಮೇಡಂ ಚೀಲದಿಂದ ಇನ್ನೊಂದು ಕಡತ ತೆಗೆದರು.

“ಐದು ತಿಂಗಳ ಹಿಂದೆ ಅಕ್ಕಾವ್ರೂ ಸಾಲ ತಗೊಂಡಿದಾರೆ. ಅದರಲ್ಲಿ ‘ತಮ್ಮನೂ ನಾನೂ ಒಂದೇ ಒಲೆ’ ಅಂತಿದೆ. ಉದ್ದೇಶ, ‘ಗಡಿಯಾರಗಳ ರಿಪೇರಿ ಖರ್ಚು’. ಎರಡೂ ಅರ್ಜಿ ಒಂದೇ ಕೈಬರಹ.”

ಎಲ್ಲರೂ ಮಾಮನ ಕಡೆ ತಿರುಗಿದರು. “ಒಬ್ಬರ ಅರ್ಜಿಯ ಗುಟ್ಟನ್ನ ಇನ್ನೊಬ್ಬರಿಗೆ ಹೇಳೋ ಜಾಯಮಾನ ನಂದಲ್ಲ,” ಅಂದರು ಮಾಮ, ನೆಲ ನೋಡುತ್ತಾ.

ಮನೆಯಲ್ಲಿದ್ದದ್ದು ಒಂದೇ ಗಡಿಯಾರ. ಅವನು ಅದನ್ನು ನೋಡಿದ, ಮಾಮನ ಕೈಗಡಿಯಾರ ನೋಡಿದ. ಐದು ತಿಂಗಳಲ್ಲಿ ಅದು ನಾಲ್ಕು ಸಲ ರಿಪೇರಿಗೆ ಬಂದಿತ್ತು. ಟೈಲರಮ್ಮನ ಅಲಾರಂ ಆರು ಸಲ. ಬೀದಿಯವರೆಲ್ಲ ಚೌಕಾಸಿ ಮಾಡದೆ ದುಡ್ಡು ಕೊಟ್ಟಿದ್ದರು.

“ಅಕ್ಕಾ, ಆ ಗಡಿಯಾರಗಳೆಲ್ಲ…”

“ಕೆಟ್ಟಿರಲಿಲ್ಲ ಕಣೋ. ನೀನು ಬಿಚ್ಚಿದ ಮೇಲೆ ಎರಡು ಕೆಟ್ಟವಂತೆ, ರಿಪೇರಿ ದುಡ್ಡಿನ ಜೊತೆ ಅದಕ್ಕೂ ನಾನೇ ಕೊಟ್ಟೆ.” ಅಕ್ಕ ಸ್ವಾಧೀನವಿದ್ದ ಕೈಯಿಂದ ಅವನ ಬನಿಯನ್ ಹಿಡಿದೆಳೆದು ಕೂರಿಸಿಕೊಂಡಳು. “ಯಾರೂ ಬರದೇ ಇದ್ದಾಗ ನೀನು ಖಾಲಿ ಮೇಜು ಒರೆಸ್ತಾ ಕೂತಿರ್ತಿದ್ದೆ. ನನ್ನ ಕೈಲಿ ನೋಡೋಕಾಗಲಿಲ್ಲ.”

ಅವನಿಗೆ ಅಳು ಬಂತು. ಅತ್ತೇಬಿಟ್ಟ.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. “ಕಂತು ಅರ್ಧ ಮಾಡೋಕಾಗಲ್ಲ ಅಣ್ಣ. ಅರ್ಧ ಕಟ್ಟೋಕಾದ್ರೂ ಆದಾಯ ಅಂತ ಒಂದಿರಬೇಕು. ಇವರ ಪಿಂಚಣಿ ಇವರ ಕಂತಿಗೇ ಹೋಗ್ತಿದೆ. ಸದ್ಯಕ್ಕೆ ಕಂತನ್ನೇ ನಿಲ್ಲಿಸಿ ಅಂತ ಸಂಘಕ್ಕೆ ಬರೀತೀನಿ. ಆದ್ರೂ ಕಲಮು ಖಾಲಿ ಬಿಡೋಹಾಗಿಲ್ಲ. ಆದಾಯದ ಮೂಲ ಏನಂತ ಬರೀಲಿ?”

ಅವನು ಕಣ್ಣೊರೆಸಿಕೊಂಡ. “ಅಕ್ಕನ ಸಾಲ ಅಂತ ಬರೀರಿ ಮೇಡಂ.”

“ಬೇಗ ಬರ್ಕೊಳಮ್ಮ,” ಅಂದಳು ಅಕ್ಕ. “ಮುಂದಿನ ತಿಂಗಳಿಗೆ ಅದೂ ಮುಗಿಯುತ್ತೆ.”