ಸರಾಸರಿ ಕಾಲಿಗೆ ಹೊಂದುವ ರೋಡ್ ಸೈಕಲ್

ನೀರು ಮಾಪನ ಶಾಖೆ, ಎರಡನೇ ಮಹಡಿ (ಲಿಫ್ಟ್ ದುರಸ್ತಿಯಲ್ಲಿದೆ)

ಸಂಖ್ಯೆ: ನೀಮಾ/ಸೈಆ/ಕಾಲಳತೆ/17/ಪರಿಷ್ಕೃತ/ಮರುಪರಿಷ್ಕೃತ
ದಿನಾಂಕ: ಈ ತಿಂಗಳ ಕೊನೆಯ ಕೆಲಸದ ದಿನ

ಸುತ್ತೋಲೆ

ವಿಷಯ: ಮಿತ ವೆಚ್ಚದಲ್ಲಿ ವಯಸ್ಕರ ರೋಡ್ ಸೈಕಲ್ ಆಯ್ಕೆ ಮಾಡುವ ಬಗ್ಗೆ, ಹಾಗೂ ಕೆಲವರು ಈಗಾಗಲೇ ಆಯ್ಕೆ ಮಾಡಿಕೊಂಡುಬಿಟ್ಟಿರುವ ಬಗ್ಗೆ.

ಉಲ್ಲೇಖ:
(1) ಸೈಕಲ್ ಖರೀದಿ ನೆರವಿನ ಮಂಜೂರಾತಿ ಆದೇಶ.
(2) ಸದರಿ ಆದೇಶವನ್ನು ಮೀಟರ್ ರೀಡರ್ ಒಬ್ಬರು ಓದಿ, ನಂಬಿ, ಅದರಂತೆಯೇ ನಡೆದುಕೊಂಡಿರುವ ಬಗ್ಗೆ ಬಂದ ದೂರು.
(3) ಸದರಿಯವರ ವಿವರಣೆ (ಒಪ್ಪತಕ್ಕದ್ದಲ್ಲ).

ಪೀಠಿಕೆ:

ಗುಡ್ಡದ ಮೇಲಿನ ಬಡಾವಣೆಗೆ ಬಸ್ಸಿಲ್ಲ. ಏರು ಕಡಿದಾಗಿರುವುದರಿಂದ ಹಿಂದಿನ ಮೀಟರ್ ರೀಡರ್‌ಗಳು ಕಚೇರಿಯ ಫ್ಯಾನಿನ ಕೆಳಗೆ ಕುಳಿತು, ಕಿಟಕಿಯಿಂದ ಗುಡ್ಡವನ್ನು ನೋಡಿ, ಅಂದಾಜಿನ ಮೇಲೆ ರೀಡಿಂಗ್ ಬರೆಯುತ್ತಿದ್ದರು. ಈ ಪದ್ಧತಿಯ ಬಗ್ಗೆ ಕಚೇರಿಗೆ ಯಾವ ತಕರಾರೂ ಇರಲಿಲ್ಲ. ಈಗ ಪರೀಕ್ಷಾ ಅವಧಿಯ ಮೇಲೆ ಬಂದಿರುವ ಮೀಟರ್ ರೀಡರ್ (ಮಹಿಳೆ, ಕಚೇರಿಯಲ್ಲಿ ‘ಮೀಟರ್ ಅಕ್ಕ’ ಎಂದು ರೂಢಿ) ಮಾತ್ರ ಒಂದೊಂದು ಗೇಟನ್ನೂ ತಟ್ಟಿ, ಮೀಟರಿನ ಮುಚ್ಚಳ ಎತ್ತಿ, ಅಲ್ಲಿದ್ದ ಅಂಕಿಯನ್ನೇ ಬರೆಯುತ್ತೇನೆಂದು ಹಟ ಹಿಡಿದಿದ್ದಾರೆ. ಈ ತಿಂಗಳು ಬಡಾವಣೆಯ ಎಲ್ಲ ಮನೆಗಳ ರೀಡಿಂಗ್ ಮುಗಿಸಿದಲ್ಲಿ ಅವರ ಕೆಲಸ ಕಾಯಂ ಆಗುತ್ತದೆ. ಒಂದು ಮನೆ ಬಿಟ್ಟುಹೋದರೂ ಮನೆಗೆ ಕಳುಹಿಸಬೇಕೆಂದು ನಿಯಮವಿದೆ. ಆದಾಗ್ಯೂ ಈ ಸುತ್ತೋಲೆಯು ಯಾವ ಒಬ್ಬ ವ್ಯಕ್ತಿಯನ್ನೂ ಉದ್ದೇಶಿಸಿಲ್ಲವೆಂದು ಸ್ಪಷ್ಟಪಡಿಸಲಾಗಿದೆ.

ನೆರವಿನ ಹಣ ಕೈಸೇರಿದ ದಿನವೇ ಸದರಿಯವರು ಮೂಲೆಯ ಸೈಕಲ್ ಶಾಪಿಗೆ ಹೋಗಿ, ಯಾರೋ ಓಡಿಸಿ ಬಿಟ್ಟಿದ್ದ, ಬಾಗಿದ ಹ್ಯಾಂಡಲಿನ ಹಗುರ ಸೈಕಲೊಂದನ್ನು ಆರಿಸಿದ್ದಾರೆ. ಹೊಸ ಟೈರು, ಹೊಸ ಬ್ರೇಕ್ ರಬ್ಬರು ಹಾಕಿಸಿಯೂ ಮಂಜೂರಾದ ಮೊತ್ತದೊಳಗೇ ಮುಗಿಸಿದ್ದಾರೆ. ಶಾಪಿನವರು, “ಒಂದ್ ರೌಂಡ್ ಓಡ್ಸಿ ನೋಡಕ್ಕ. ಏರಲ್ಲೇ ಹೋಗು. ಇಳಿಜಾರಲ್ಲಿ ಎಲ್ಲಾ ಸೈಕಲ್ಲೂ ಚೆನ್ನಾಗೇ ಓಡತ್ತೆ” ಎಂದು ನುಡಿದಿರುವುದೂ ಸದರಿಯವರು ಹಾಗೆಯೇ ಮಾಡಿರುವುದೂ ತನಿಖೆಯಿಂದ ಸಾಬೀತಾಗಿದೆ. ವಿವರಣೆ ಕೇಳಲಾಗಿ, “ಕಾಲು ಎಟುಕ್ತು, ಬ್ರೇಕ್ ಹಿಡೀತು, ದುಡ್ಡಿಗೂ ಸರಿಹೋಯ್ತು, ತಗೊಂಡೆ. ಇನ್ನೇನ್ ನೋಡ್ಬೇಕಿತ್ತು ಸಾರ್, ಅದರ ಅಪ್ಪ ಅಮ್ಮನ್ನ ಕರೆಸಿ ಮಾತಾಡ್ಬೇಕಿತ್ತಾ?” ಎಂದಿದ್ದಾರೆ. ಈ ಮಾತಿನಿಂದ ಕಚೇರಿಗೆ ಬೇಸರವಾಗಿದೆ.

ಇನ್ನೇನು ನೋಡಬೇಕಿತ್ತು ಎಂಬುದನ್ನು ಸಮಸ್ತ ಸಿಬ್ಬಂದಿಯ ಅರಿವಿಗಾಗಿ ಈ ಕೆಳಗೆ ನಿಗದಿಪಡಿಸಲಾಗಿದೆ:

1. ಸೈಕಲ್ ಓಡಿಸುವವರೇ ಸೈಕಲ್ ಆರಿಸಿದರೆ ಸ್ವಂತ ಹಿತಾಸಕ್ತಿ ನುಸುಳುವ ಅಪಾಯವಿದೆ. ಆದ್ದರಿಂದ ಆಯ್ಕೆಯನ್ನು ಸೈಕಲ್ ಓಡಿಸದವರ ಸಮಿತಿಗೆ ವಹಿಸಲಾಗಿದೆ. ಮಂಡಿನೋವಿನ ಮುಖ್ಯ ಗುಮಾಸ್ತರು ಅಧ್ಯಕ್ಷರು. ಮೇಲಧಿಕಾರಿಗಳ ಕಾರಿನ ಚಾಲಕರು ಸದಸ್ಯರು. ಚಿಕ್ಕಂದಿನಲ್ಲಿ ಸೈಕಲಿನಿಂದ ಬಿದ್ದು ಹಲ್ಲು ಮುರಿದುಕೊಂಡ ಖಜಾಂಚಿಯವರನ್ನು ವಿಷಯ ತಜ್ಞರೆಂದು ಸೇರಿಸಿಕೊಳ್ಳಲಾಗಿದೆ.

2. ಸೈಕಲಿನ ಅಳತೆಯಲ್ಲಿ ಪಕ್ಷಪಾತ ಸಲ್ಲದು. ಈ ಉದ್ದೇಶಕ್ಕಾಗಿ ಇಡೀ ಕಚೇರಿಯ ಕಾಲುಗಳನ್ನು ಅಳೆದು ಸರಾಸರಿ ತೆಗೆಯಲಾಗಿದ್ದು, ಅದರ ವಿವರ ಹೀಗಿದೆ:

(ಅ) ಮೇಲಧಿಕಾರಿಗಳ ಕಾಲಿಗೆ ಟೇಪು ಹಿಡಿಯುವುದು ಮರ್ಯಾದೆಯಲ್ಲವಾದ್ದರಿಂದ ಅವರು ಬಾಯಲ್ಲಿ ಹೇಳಿದ ಅಳತೆಯನ್ನೇ ಒಪ್ಪಲಾಗಿದೆ. ಅದು ಅವರ ಒಟ್ಟು ಎತ್ತರಕ್ಕೆ ಸಮನಾಗಿರುವುದನ್ನು ಯಾರೂ ಪ್ರಶ್ನಿಸಿಲ್ಲ.

(ಆ) ಖಾಲಿ ಹುದ್ದೆಗಳನ್ನು ಕಾಲಿಲ್ಲದವೆಂದು ಬಿಡುವಂತಿಲ್ಲ. ಮುಂದೆ ಬರುವವರು ಆಜಾನುಬಾಹುಗಳೇ ಇರುತ್ತಾರೆಂಬ ಭರವಸೆಯಿಂದ ಪ್ರತಿ ಖಾಲಿ ಹುದ್ದೆಗೂ ಧಾರಾಳವಾದ ಕಾಲುಗಳನ್ನು ಮಂಜೂರು ಮಾಡಲಾಗಿದೆ. ಕಚೇರಿಯಲ್ಲಿ ಖಾಲಿ ಹುದ್ದೆಗಳೇ ಹೆಚ್ಚು.

(ಇ) ಅಳತೆ ನಡೆದ ದಿನ ಮೀಟರ್ ರೀಡರ್ ಅವರು ಮೀಟರ್ ಓದಲು ಹೋಗಿದ್ದರಿಂದ ಅವರ ಕಾಲು ಲೆಕ್ಕಕ್ಕೆ ಸಿಕ್ಕಿಲ್ಲ. ಸೈಕಲ್ ಓಡಿಸಬೇಕಾದವರು ಅವರೊಬ್ಬರೇ ಎಂಬ ಅಂಶ ಲೆಕ್ಕ ಮುಗಿದ ಮೇಲೆ ಗಮನಕ್ಕೆ ಬಂದಿದೆ. ಒಬ್ಬರ ಕಾಲಿಗಾಗಿ ಎಲ್ಲರ ಸರಾಸರಿಯನ್ನು ಕೆಡಿಸಲು ಬರುವುದಿಲ್ಲ.

3. ಬಾಗಿದ ಹ್ಯಾಂಡಲಿನ ಸೈಕಲ್ ಏರಿದವರು ದಾರಿಯುದ್ದಕ್ಕೂ ತಲೆ ಬಾಗಿಸಿಕೊಂಡೇ ಹೋಗುತ್ತಾರೆ. ತಲೆ ಬಾಗಿಸುವುದು ಮೇಲಧಿಕಾರಿಗಳ ಮುಂದೆ ಮಾತ್ರ ಮಾಡತಕ್ಕ ಕೆಲಸವಾಗಿದ್ದು, ಅದನ್ನು ದಿನಸಿ ಅಂಗಡಿ, ಲೈಟ್ ಕಂಬ, ಕಂಡಕಂಡವರ ಮುಂದೆಲ್ಲ ದುಂದು ಮಾಡುವುದನ್ನು ನಿಷೇಧಿಸಲಾಗಿದೆ.

4. ಗೇರುಗಳನ್ನು ದರ್ಜೆಗೆ ತಕ್ಕಂತೆ ಹಂಚತಕ್ಕದ್ದು. ಅಧಿಕಾರಿಗಳಿಗೆ ಇಪ್ಪತ್ತೊಂದು, ಗುಮಾಸ್ತರಿಗೆ ಏಳು, ಪರೀಕ್ಷಾ ಅವಧಿಯಲ್ಲಿರುವವರಿಗೆ ಒಂದು. ಏರು ಹತ್ತುವವರಿಗೆ ಹೆಚ್ಚು ಗೇರು ಬೇಕೆಂಬ ವಾದ ಬಂದಿದ್ದು, ಮೇಲೇರುವುದು ಸೇವಾ ಜ್ಯೇಷ್ಠತೆಯಿಂದಲೇ ಹೊರತು ಗೇರಿನಿಂದಲ್ಲವೆಂದು ತಿಳಿಸಿ ಅದನ್ನು ಮುಕ್ತಾಯಗೊಳಿಸಲಾಗಿದೆ. ಅಧಿಕಾರಿಗಳು ಕಾರಿನಲ್ಲೇ ಓಡಾಡುವುದರಿಂದ ಅವರ ಪಾಲಿನ ಗೇರುಗಳನ್ನು ಬೀರುವಿನಲ್ಲಿ ಭದ್ರವಾಗಿ ಇಡತಕ್ಕದ್ದು.

5. ಹಗುರವಾಗಿರುವುದೇ ಒಳ್ಳೆಯ ಸೈಕಲಿನ ಗುಣವೆಂಬ ತಪ್ಪು ತಿಳಿವಳಿಕೆ ಹರಡಿದೆ. ಸಾರ್ವಜನಿಕರ ಹಣದಲ್ಲಿ ಕೊಂಡ ವಸ್ತು ಎತ್ತಿದರೆ ಸೊಂಟ ಹಿಡಿಯಬೇಕು. ಆಗ ಮಾತ್ರ ಹಣ ಎಲ್ಲಿಗೆ ಹೋಯಿತೆಂದು ಲೆಕ್ಕ ತಪಾಸಣೆಯವರಿಗೆ ಮನವರಿಕೆಯಾಗುತ್ತದೆ.

6. ಸೀಟು ಮೇಲಧಿಕಾರಿಗಳ ಕುರ್ಚಿಗಿಂತ ಎತ್ತರವಾಗಿಯೂ ಮುಖ್ಯ ಗುಮಾಸ್ತರ ಕುರ್ಚಿಗಿಂತ ಮೆತ್ತಗಾಗಿಯೂ ಇರಕೂಡದು. ಮುಖ್ಯ ಗುಮಾಸ್ತರ ಕುರ್ಚಿಯ ಹಲಗೆ ಕಿತ್ತುಹೋಗಿದ್ದು, ಸದ್ಯ ಅವರು ಹಳೆಯ ಕಡತಗಳ ಮೇಲೆ ಕುಳಿತಿದ್ದಾರೆ.

7. ಕೊಳ್ಳುವ ಮುನ್ನ ಓಡಿಸಿ ನೋಡುವುದಕ್ಕೆ ಕಚೇರಿಯ ಆಕ್ಷೇಪವಿಲ್ಲ. ಆದರೆ ಕೆಲಸದ ವೇಳೆಯಲ್ಲಿ ಆವರಣ ಬಿಟ್ಟು ಹೋಗುವಂತಿಲ್ಲವಾದ್ದರಿಂದ, ಸೈಕಲನ್ನು ದಾಖಲೆ ಕೊಠಡಿಯಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಮೇಲೆ ಕುಳಿತು ಪೆಡಲ್ ತುಳಿದು, ಎಲ್ಲಿಗೂ ಹೋಗದಿರುವುದನ್ನು ಇಬ್ಬರು ಸಾಕ್ಷಿಗಳ ಎದುರಿನಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

8. ಬಳಸಿದ ಸೈಕಲನ್ನು ಕೊಳ್ಳುವುದಾದರೆ ಫ್ರೇಮಿನಲ್ಲಿ ಬಿರುಕಿದೆಯೇ, ಚೈನು ಸವೆದಿದೆಯೇ ಎಂದು ನೋಡುತ್ತ ಕಾಲಹರಣ ಮಾಡದೆ, ಹಿಂದಿನ ಮಾಲೀಕರ ನಡತೆ ಪ್ರಮಾಣಪತ್ರ ಪಡೆಯತಕ್ಕದ್ದು. ಅವರು ಸೈಕಲ್ ಮಾರಿದ್ದು ಬೇಸರದಿಂದಲೋ ಸಂತೋಷದಿಂದಲೋ ಎಂಬುದು ಅದರಲ್ಲಿ ನಮೂದಾಗಿರಬೇಕು. ಎರಡೂ ಅಲ್ಲದಿದ್ದಲ್ಲಿ ಕಾರಣ ಕೇಳಿ ನೋಟಿಸ್ ಕೊಡಲಾಗುವುದು.

9. ಮೇಲಿನ ಎಲ್ಲ ಷರತ್ತುಗಳಿಗೆ ಒಳಪಟ್ಟು ದರಪಟ್ಟಿ ಕರೆಯಲಾಗಿತ್ತು. ಸೈಕಲ್ ಅಂಗಡಿಯವರೆಲ್ಲರೂ ಷರತ್ತುಗಳನ್ನು ಓದಿ ನಕ್ಕಿದ್ದರಿಂದ ಅನರ್ಹರಾದರು. ನಗದೆ ದರ ಸಲ್ಲಿಸಿದವರು ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಶಾಪಿನವರು ಮಾತ್ರ. ಸಮಿತಿಯ ಚಹಾ, ಝೆರಾಕ್ಸ್ ಮತ್ತು ಕಾಲಳತೆಯ ಟೇಪಿನ ಖರ್ಚನ್ನು ಸೈಕಲಿನ ಬಾಬತ್ತಿನಿಂದಲೇ ಭರಿಸಿದ ಕಾರಣ, ಉಳಿದ ಮೊತ್ತಕ್ಕೆ ಹಿಂದಿನ ಬ್ರೇಕ್ ಮಾತ್ರ ಸಿಕ್ಕಿದೆ. ಮುಂದಿನದಕ್ಕೆ ಬರುವ ವರ್ಷ ಪ್ರಸ್ತಾವನೆ ಸಲ್ಲಿಸಲಾಗುವುದು. ಅಲ್ಲಿಯವರೆಗೆ ಎದುರಿನಿಂದ ಬರುವವರು ತಾವೇ ಜವಾಬ್ದಾರಿ ಅರಿತು ದಾರಿ ಬಿಡತಕ್ಕದ್ದು.

10. ಹೀಗೆ ಕ್ರಮಬದ್ಧವಾಗಿ ತಯಾರಾದ ಸರಾಸರಿ ಸೈಕಲ್ ಕಚೇರಿಗೆ ಬಂದಿದೆ. ನಾಲ್ವರು ಹಿಡಿದು ಇಳಿಸಿದ್ದಾರೆ. ಇದರ ಪೆಡಲಿಗೆ ಸದ್ಯದ ಸಿಬ್ಬಂದಿಯಲ್ಲಿ ಯಾರ ಕಾಲೂ ಎಟುಕುತ್ತಿಲ್ಲ. ಇದನ್ನು ಸೈಕಲಿನ ದೋಷವೆಂದು ಭಾವಿಸಕೂಡದು. ಕಾಲು ಎಟುಕದವರು ಅದನ್ನು ತಳ್ಳಿಕೊಂಡು ಹೋಗತಕ್ಕದ್ದು. ಹಾಗೆ ಹೋದವರನ್ನೂ ಸೈಕಲಿನಲ್ಲಿ ಹೋದವರೆಂದೇ ಪರಿಗಣಿಸಲಾಗುವುದು.

11. ಮೀಟರ್ ರೀಡರ್ ಅವರು ತಮ್ಮ ಅನಧಿಕೃತ ಸೈಕಲನ್ನು ಕೂಡಲೇ ಒಪ್ಪಿಸಿ, ಸರಾಸರಿ ಸೈಕಲನ್ನು ಪಡೆದು, ಅದರೊಂದಿಗೇ ಗುಡ್ಡ ಹತ್ತತಕ್ಕದ್ದು. ಇನ್ನು ಮುಂದೆ ಅನಧಿಕೃತ ಸೈಕಲಿನಲ್ಲಿ ಹೋಗಿ ಓದಿದ ರೀಡಿಂಗ್, ಎಷ್ಟೇ ಸರಿಯಿದ್ದರೂ, ತಪ್ಪೆಂದು ಪರಿಗಣಿಸಿ ಆ ಮನೆಯನ್ನು ಬಿಟ್ಟುಹೋದ ಮನೆಗಳ ಸಾಲಿಗೆ ಸೇರಿಸಲಾಗುವುದು. ಇದರಿಂದ ಅವರ ಕೆಲಸಕ್ಕೆ ಸಂಚಕಾರ ಬಂದರೆ ಕಚೇರಿಗೆ ವಿಷಾದವಿದೆ. ವಿಷಾದದ ನಮೂನೆಯನ್ನು ಮುಂಚಿತವಾಗಿಯೇ ಟೈಪ್ ಮಾಡಿಡಲಾಗಿದೆ.

12. ಈ ಹಿಂದೆ ಸುತ್ತೋಲೆಗಳನ್ನು ಯಾರೂ ಓದದೆಯೇ ಜಾರಿಯಾಗಿ ಗೊಂದಲವಾಗಿದ್ದರಿಂದ, ಇದು ಸಂಬಂಧಪಟ್ಟವರ ಕೈಸೇರಿದ ಕ್ಷಣದಿಂದ ಜಾರಿಗೆ ಬರುತ್ತದೆ. ಅದಕ್ಕಿಂತ ಮೊದಲು ಮುಗಿದ ಕೆಲಸಕ್ಕೆ ಇದು ಅನ್ವಯಿಸುವುದಿಲ್ಲ.

ತಪ್ಪಿ ನಡೆದವರನ್ನು ಸೈಕಲ್ ಆಯ್ಕೆ ಸಮಿತಿಗೆ ಸದಸ್ಯರನ್ನಾಗಿ ನೇಮಿಸಲಾಗುವುದೆಂದು ಎಚ್ಚರಿಸಲಾಗಿದೆ.

(ಸಹಿ ಇದೆ, ಯಾರದೆಂದು ತಿಳಿದಿಲ್ಲ)
ಉಪ ಅಧೀಕ್ಷಕರು, ಸೈಕಲ್ ಆಯ್ಕೆ
(ನೀರಿನ ವಿಷಯದಲ್ಲಿ ಹೆಚ್ಚುವರಿ ಪ್ರಭಾರ)

ಪ್ರತಿಗಳು:

1. ಮೇಲಧಿಕಾರಿಗಳ ಆಪ್ತ ಸಹಾಯಕರಿಗೆ: ಸಾಹೇಬರು ಎಚ್ಚರವಾಗಿದ್ದಾಗ ಮಂಡಿಸಲು.

2. ವೆಲ್ಡಿಂಗ್ ಶಾಪಿನವರಿಗೆ: ಸೈಕಲಿಗೆ ಅಗುಳಿ ಮತ್ತು ಬೀಗದ ಕೊಂಡಿ ಏಕೆ ಇವೆಯೆಂದು ತಿಳಿಸಲು.

3. ಮೂಲೆಯ ಸೈಕಲ್ ಶಾಪಿನವರಿಗೆ: ಇನ್ನು ಮುಂದೆ ಗಿರಾಕಿಗಳಿಗೆ ನಿಜ ಹೇಳುವ ಮುನ್ನ ಈ ಕಚೇರಿಯ ಲಿಖಿತ ಅನುಮತಿ ಪಡೆಯಲು.

4. ಸೂಚನಾ ಫಲಕಕ್ಕೆ: ಗಾಜಿನ ಬಾಗಿಲಿನ ಬೀಗದ ಕೈ ಕಳೆದಿರುವುದರಿಂದ ಹೊರಗಿನಿಂದಲೇ ಅಂಟಿಸಲು.

5. ಮೀಟರ್ ರೀಡರ್ ಅವರಿಗೆ, ಖುದ್ದಾಗಿ: ಈ ಪ್ರತಿಯನ್ನು ತುರ್ತಾಗಿ ಕೈಗೆ ಕೊಡುವಂತೆ ಸೂಚಿಸಿ ಜವಾನರನ್ನು ಬೆಳಗ್ಗೆಯೇ ಸರಾಸರಿ ಸೈಕಲಿನೊಂದಿಗೆ ಕಳುಹಿಸಲಾಗಿದೆ. (ಕಚೇರಿ ಪ್ರತಿಯಲ್ಲಿ ನಂತರ ಸೇರಿಸಿದ್ದು:) ಸಂಜೆ ಜವಾನರು ಏರಿನ ಬುಡದಿಂದ ಫೋನ್ ಮಾಡಿ, “ಇನ್ನೂ ತಳ್ತಾನೇ ಇದ್ದೀನಿ ಸಾರ್. ಅಕ್ಕ ಈಗಷ್ಟೇ ಮೇಲಿಂದ ಇಳಿದು ನನ್ನ ಪಕ್ಕದಲ್ಲೇ ಹೋದ್ರು. ಎಲ್ಲಾ ಮನೆನೂ ಮುಗೀತು ಅಂದ್ರು. ಕಾಗದ ಇದೆ ನಿಲ್ಸಿ ಅಂದೆ, ಕಾಯಂ ಆದ್ಮೇಲೆ ಓದ್ತೀನಿ ಬಿಡಪ್ಪ ಅಂದ್ರು” ಎಂದು ವರದಿ ಮಾಡಿರುತ್ತಾರೆ. ಪ್ರತಿಯು ಜವಾನರ ಜೇಬಿನಲ್ಲಿಯೇ ಇದೆ.