ಭಾವನ ಟಾರ್ಗೆಟ್ಟು

ನಮ್ಮ ಭಾವನನ್ನು ಮನೆಗೆ ಕರೆಯುವ ಉದ್ದೇಶ ನಿಮಗಿದ್ದರೆ ಮೊದಲು ಹಾಸಿಗೆ, ದಿಂಬು, ಸೋಫಾಗಳನ್ನೆಲ್ಲ ಒಳಕೋಣೆಗೆ ಸಾಗಿಸಿ ಬೀಗ ಹಾಕಿಕೊಳ್ಳಿ. ಅವರೇನೂ ಕಳ್ಳರಲ್ಲ, ಛೇ ಛೇ! ಶಿಡ್ಲಘಟ್ಟದಲ್ಲಿ ಇಪ್ಪತ್ತೆಂಟು ವರ್ಷದಿಂದ ಗಣಿತ ಹೇಳಿಕೊಡುತ್ತಿರುವ ಮರ್ಯಾದಸ್ಥ ಮೇಷ್ಟ್ರು. ಆದರೆ ಒಳಗೆ ಕಾಲಿಟ್ಟ ಕೂಡಲೇ ನಿಮ್ಮ ಸೋಫಾವನ್ನು ಹೆಬ್ಬೆರಳಿನಿಂದ ಒತ್ತಿ, ಕಣ್ಣು ಮುಚ್ಚಿ ಒಂದು ಗಳಿಗೆ ಧ್ಯಾನ ಮಾಡಿ, "ಇದು ಇನ್ನೂರು ಬಾಣ ತಡೀತದೆ, ಅಷ್ಟೇ" ಎಂದು ಷರಾ ಬರೆದುಬಿಡುತ್ತಾರೆ. ಹೋದ ಹಬ್ಬಕ್ಕೆ ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದವರು ನನ್ನ ಹೊಟ್ಟೆಯನ್ನೂ ಅದೇ ದೃಷ್ಟಿಯಿಂದ ನೋಡಿದರು. ನಾನು ಎದ್ದು ಹೋಗಿ ಶಾಲು ಹೊದ್ದುಕೊಂಡು ಬಂದೆ.

ಇದಕ್ಕೆಲ್ಲ ಮೂಲ ಅವರ ಒಬ್ಬಳೇ ಮಗಳು. ಎಂಟನೇ ತರಗತಿಯ ಬೇಸಿಗೆ ರಜೆಯಲ್ಲಿ ಶಿಬಿರವೊಂದಕ್ಕೆ ಹೋಗಿ ಬಿಲ್ಲು ಹಿಡಿದ ಹುಡುಗಿ ಮತ್ತೆ ಅದನ್ನು ಬಿಡಲೇ ಇಲ್ಲ. ಮೇಲೂರಿನ ಅವರ ಮನೆಯ ಹಿಂದೆ ಖಾಲಿ ಜಾಗವಿದೆ, ಅದರಾಚೆ ಹಿಪ್ಪುನೇರಳೆ ತೋಟ. ಅಂಗಡಿಯಿಂದ ತಂದ ಫೋಮಿನ ಟಾರ್ಗೆಟ್ಟನ್ನು ಅಲ್ಲಿ ನಿಲ್ಲಿಸಿ ಅವಳು ಅಭ್ಯಾಸ ಶುರು ಮಾಡಿದಳು. ಒಂದು ತಿಂಗಳಿಗೆ ಅದರ ನಡುಮಧ್ಯ ತೂತು ಬಿದ್ದು ಬಾಣ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಟುಹೋಗತೊಡಗಿತು. ಈ ಆಟದ ನ್ಯಾಯವೇ ಹಾಗೆ ನೋಡಿ. ಕಂಡಕಂಡಲ್ಲಿ ಹೊಡೆಯುವವರ ಟಾರ್ಗೆಟ್ಟು ವರ್ಷಗಟ್ಟಲೆ ಬಾಳುತ್ತದೆ. ನಡುವಿಗೇ ಹೊಡೆಯುವ ಜಾಣರದ್ದು ತಿಂಗಳಲ್ಲಿ ಎಕ್ಕುಟ್ಟಿಹೋಗುತ್ತದೆ!

ನೀವು, ನಾನು ಆಗಿದ್ದರೆ ಏನು ಮಾಡುತ್ತಿದ್ದೆವು? ಇನ್ನೊಂದು ತರುತ್ತಿದ್ದೆವು. ಭಾವ ಮೂಗು ಮುರಿದರು.

"ಅಂಗಡೀಲಿ ತರೋದು ತಲೆ ಇಲ್ಲದೋರು ಮಾಡೋ ಕೆಲಸ ಕಣಯ್ಯ. ಇದೆಲ್ಲಾ ಬರೀ ಘರ್ಷಣೆ ಲೆಕ್ಕ. ನಾನು ಮಾಡ್ತೀನಿ ನೋಡು, ಹತ್ತು ವರ್ಷ ಅಲ್ಲಾಡಬಾರದು."

ತಲೆ ಇದ್ದವರ ಮೊದಲ ಪ್ರಯೋಗಕ್ಕೆ ಬಲಿಯಾದದ್ದು ಅಕ್ಕನ ಮದುವೆಯ ಹತ್ತಿ ಹಾಸಿಗೆ. ಅದನ್ನು ಸುರುಳಿ ಸುತ್ತಿ, ಹಗ್ಗ ಬಿಗಿದು, ಗೋಡೆಗೆ ಒರಗಿಸಿದರು. ಬಾಣವೇನೋ ನಿಂತಿತು. ಎಷ್ಟು ಚೆನ್ನಾಗಿ ನಿಂತಿತೆಂದರೆ ಹೊರಗೆ ಬರಲೇ ಇಲ್ಲ! ಹುಡುಗಿ ಎಳೆದಳು, ಅಕ್ಕ ಎಳೆದಳು. ಕೊನೆಗೆ ಭಾವ ಹಾಸಿಗೆಗೆ ಕಾಲು ಕೊಟ್ಟು ಜಗ್ಗಿದಾಗ ಬಾಣದ ಜೊತೆ ಒಂದು ಮಡಿಲು ಹತ್ತಿಯೂ ಬಂತು, ಭಾವ ಅಂಗಾತ ಬಿದ್ದರು.

"ಅದು ನಮ್ಮಪ್ಪ ಕೊಟ್ಟ ಹಾಸಿಗೆರೀ!" ಎಂದಳು ಅಕ್ಕ.

"ಗಟ್ಟಿ ಹಾಸಿಗೆನೇ ಕೊಟ್ಟಿದಾರೆ. ನಾನೇನು ಇಲ್ಲ ಅಂದ್ನಾ?" ಎಂದರು ಭಾವ, ಮಲಗಿದಲ್ಲಿಂದಲೇ.

ಆಮೇಲೆ ಬಂದದ್ದು ಚಂದ್ರಿಕೆ. ನಮ್ಮ ಕಡೆ ರೇಷ್ಮೆ ಹುಳು ಗೂಡು ಕಟ್ಟಲಿ ಎಂದು ಬಿಡುವ ಬಿದಿರಿನ ತಟ್ಟೆ ಅದು. ಹಳೆಯವು ಬೇಕಾದಷ್ಟು ಸಿಗುತ್ತವೆ. ಭಾವ ಎಂಟನ್ನು ಒಂದರ ಮೇಲೊಂದು ಕಟ್ಟಿದರು. ಮೊದಲ ಬಾಣ ಸೀಳಿತು, ಎರಡನೆಯದೂ ಸೀಳಿತು, ಮೂರನೆಯದು ಬಿದಿರಿಗೆ ಬಡಿದು ಚಿಮ್ಮಿ ಬಂದು ಭಾವನ ಕಾಲಬುಡದಲ್ಲೇ ಬಿತ್ತು. ಅವರು ಇದಕ್ಕೆಂದೇ ಒಂದು ನೋಟ್ ಪುಸ್ತಕ ಇಟ್ಟಿದ್ದಾರೆ. ಅದರಲ್ಲಿ ಅಂದಿನ ತೀರ್ಪು ಇಂದಿಗೂ ಇದೆ: "ಬಿದಿರು: ಅಹಂಕಾರ ಜಾಸ್ತಿ."

ಮೂರನೆಯದು ರಾಗಿಹುಲ್ಲು. ಒಂದು ವಾರ ಕೂತು ಹುಲ್ಲನ್ನು ಹಗ್ಗದಂತೆ ಹೊಸೆದು, ಚಕ್ಕುಲಿಯಂತೆ ಸುತ್ತಿ, ದಬ್ಬಳದಲ್ಲಿ ಹೊಲಿದು, ಒಂದಾಳೆತ್ತರದ ಚಕ್ರ ಮಾಡಿದರು. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿತ್ತು. ಹಾಗೆಂದು ಪಕ್ಕದ ಮನೆಯ ಹಸುವಿಗೂ ಅನಿಸಿತು. ಭಾವ ಶಾಲೆಯಿಂದ ಬರುವ ಹೊತ್ತಿಗೆ ಅದು ಹೊರಗಿನ ಸುತ್ತುಗಳ ಗೊಡವೆಗೇ ಹೋಗದೆ ಸರಿಯಾಗಿ ನಡುಮಧ್ಯವನ್ನು ತಿಂದು ಮುಗಿಸಿತ್ತು. ಹತ್ತಕ್ಕೆ ಹತ್ತು ಅಂಕ! ಭಾವ ಜಗಳಕ್ಕೆ ಹೋದರೆ ಹಸುವಿನ ಒಡತಿ ಅಜ್ಜಿ ಇವರ ಮೇಲೇ ತಿರುಗಿಬಿದ್ದಳು.

"ಏಮಯ್ಯಾ ಮೇಷ್ಟ್ರೇ, ಹುಲ್ಲನ್ನ ಇಷ್ಟು ಚೆಂದಾಗಿ ಹೆಣೆದು ಎದುರಿಗೆ ಇಟ್ರೆ ತಿನ್ನದೆ ಅದೇನು ಪೂಜೆ ಮಾಡ್ತದಾ? ನಾಳೆನೂ ಒಂದು ಮಾಡಿ, ಪುಣ್ಯ ಬರ್ತದೆ."

ಇಷ್ಟಾದರೂ ಬುದ್ಧಿ ಬಂತೇ? ಬಂತು, ಬೇರೆ ಕಡೆಯಿಂದ. ಒಂದು ದಿನ ಬಸ್ ನಿಲ್ದಾಣದಲ್ಲಿ ನಿಂತು ತಲೆ ಎತ್ತಿ ನೋಡುತ್ತಾರೆ, ಎದುರಿಗೆ ನಾಯಕರೊಬ್ಬರ ಹುಟ್ಟುಹಬ್ಬದ ಫ್ಲೆಕ್ಸು. ಮಳೆಗೆ ಜಗ್ಗದ, ಬಿಸಿಲಿಗೆ ಬಾಗದ, ಹುಟ್ಟುಹಬ್ಬ ಮುಗಿದು ಮೂರು ತಿಂಗಳಾದರೂ ಜಾಗ ಬಿಡದ ವಸ್ತು! ಭಾವನಿಗೆ ಅಲ್ಲೇ ಜ್ಞಾನೋದಯ. ಅಲ್ಲಿಂದ ಮುಂದೆ ಹರಿದ ಫ್ಲೆಕ್ಸು ಎಲ್ಲಿ ಕಂಡರೂ ಬಿಡಲಿಲ್ಲ. ಗೌರಿಬಿದನೂರಿನಲ್ಲಿ ನಮ್ಮ ನೆಂಟರ ಮದುವೆಗೆ ಹೋದಾಗ ಗಂಡು ಹೆಣ್ಣು ಇನ್ನೂ ವೇದಿಕೆಯ ಮೇಲಿರುವಾಗಲೇ ಇವರು ಬಾಗಿಲಲ್ಲಿದ್ದ ಸ್ವಾಗತದ ಫ್ಲೆಕ್ಸಿನ ಗಂಟು ಬಿಚ್ಚುತ್ತಿದ್ದರು!

ಆ ಫ್ಲೆಕ್ಸುಗಳನ್ನೆಲ್ಲ ಗೇಣಗಲದ ಪಟ್ಟಿಗಳಾಗಿ ಕತ್ತರಿಸಿ, ಒಂದರ ಮೇಲೊಂದು ಪೇರಿಸಿ, ಮೇಲೆ ಕೆಳಗೆ ಹಲಗೆ ಕೊಟ್ಟು, ನಾಲ್ಕು ಉದ್ದನೆಯ ಬೋಲ್ಟು ಹಾಕಿ ಬಿಗಿದರು. ಬಾಣ ಎದುರಾಗುವುದು ಬರೀ ಅಂಚುಗಳಿಗೆ. ಎರಡು ಪದರಗಳ ನಡುವೆ ನುಗ್ಗಿದ ಬಾಣ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಎರಡು ಬೆರಳಲ್ಲಿ ಎಳೆದರೆ ಬರುತ್ತದೆ. ನಡು ಸಡಿಲವಾದರೆ ಸ್ಪ್ಯಾನರ್‌ನಿಂದ ಬೋಲ್ಟನ್ನು ಒಂದು ಸುತ್ತು ಬಿಗಿದರಾಯಿತು. ಒಂದು ವರ್ಷ ಕಳೆಯಿತು. ಟಾರ್ಗೆಟ್ಟು ಅಲ್ಲಾಡಲಿಲ್ಲ! ನನಗೆ ಬಹಳ ಬೇಜಾರಾಯಿತು. ಇಷ್ಟು ದಿನ ನಕ್ಕಿದ್ದು ದಂಡವಾಯಿತಲ್ಲ.

ಆ ಹುಟ್ಟುಹಬ್ಬದ ನಾಯಕರ ಅಭಿಮಾನಿಯೊಬ್ಬ ಒಂದು ದಿನ ತೋಳು ಮಡಚಿಕೊಂಡು ಬಂದ. "ಮೇಷ್ಟ್ರೇ, ನಮ್ಮ ಅಣ್ಣನ ಮುಖಕ್ಕೆ ಬಾಣ ಹೊಡಿಸ್ತಿದೀರಂತೆ?"

"ಮುಖ ಎಲ್ಲಪ್ಪಾ ಇದೆ, ತೋರ್ಸು? ನಿಮ್ಮಣ್ಣನೂ ಇದರೊಳಗೇ ಇದಾರೆ, ಅವರಿಗಾಗದೋರೂ ಇದರೊಳಗೇ ಇದಾರೆ. ಒತ್ತಿ ಕೂರಿಸಿದೀನಿ. ಒಬ್ಬರನ್ನೊಬ್ರು ಅಪ್ಪಿಕೊಂಡು ಕೂತಿರೋದಕ್ಕೇ ಬಾಣ ನಿಲ್ತಿರೋದು!"

ಅವನು ಸ್ವಲ್ಪ ಹೊತ್ತು ಟಾರ್ಗೆಟ್ಟನ್ನೇ ನೋಡಿದ. ಮುಂದಿನ ವಾರ ತಾನೇ ಬೈಕಿನ ಮೇಲೆ ಒಂದು ಕಟ್ಟು ಹಳೆಯ ಫ್ಲೆಕ್ಸು ತಂದುಕೊಟ್ಟ.

ಹುಡುಗಿ ಹತ್ತನೇ ತರಗತಿಗೆ ಬಂದ ವರ್ಷ ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ತಂಡದ ಆಯ್ಕೆ ಪಂದ್ಯ ನಡೆಯಿತು. ಮೂವರನ್ನು ಆರಿಸುತ್ತಾರೆ. ನಮ್ಮ ಹುಡುಗಿ ನಾಲ್ಕನೆಯವಳಾದಳು, ಒಂದೇ ಒಂದು ಅಂಕಕ್ಕೆ. ಭಾವ ಗಾಳಿಯನ್ನು ಬೈಯುತ್ತಾರೆ, ಅಲ್ಲಿನ ಫೋಮನ್ನು ಬೈಯುತ್ತಾರೆ ಎಂದು ನಾನು ಕಾದೆ. ಅವರು ಏನನ್ನೂ ಬೈಯಲಿಲ್ಲ. ನಾನೂ ಅವರ ಜೊತೆ ಮೇಲೂರಿಗೆ ಹೊರಟೆ. ಬಸ್ಸಿನಲ್ಲಿ ಹುಡುಗಿ ಕಿಟಕಿಯಾಚೆ ನೋಡುತ್ತಾ ಕೂತಳು, ಭಾವ ಅವಳ ಬಿಲ್ಲಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಮರುದಿನ ಬೆಳಿಗ್ಗೆ ಭಾವ ಹಿತ್ತಲಲ್ಲಿ ಬೋಲ್ಟು ಬಿಗಿಯುತ್ತಿದ್ದರು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಸದ್ದು ಮಾಡುತ್ತಾ. ಹುಡುಗಿ ಹೊರಗೆ ಬಂದು ಬಾಗಿಲಲ್ಲೇ ನಿಂತಳು.

"ಅಪ್ಪಾ, ಅದನ್ನ ಬಿಚ್ಚಿಬಿಡು. ಇನ್ನು ಬೇಡ ನಂಗೆ."

ಸ್ಪ್ಯಾನರ್ ನಿಂತಿತು. ಭಾವ ತಿರುಗದೆಯೇ ಹೇಳಿದರು: "ಬಿಚ್ಚೋಣಮ್ಮ. ಅದಕ್ಕೆ ಮುಂಚೆ ನಾನೂ ಒಂದು ಬಾಣ ಬಿಡ್ತೀನಿ. ಹೇಗೆ ಅಂತ ತೋರ್ಸು."

ಅವಳು ಒಲ್ಲದ ಮನಸ್ಸಿನಿಂದಲೇ ಬಿಲ್ಲು ತಂದು, ಹೆದೆ ಕಟ್ಟಿ, ಅಪ್ಪನ ಕೈಗೆ ಕೊಟ್ಟಳು. "ಮೊಣಕೈ ಎತ್ತಪ್ಪಾ. ಅಯ್ಯೋ, ಆ ಕಣ್ಣಲ್ಲ! ಈಗ ಬಿಡು."

ಏಳೇ ಹೆಜ್ಜೆ ದೂರ. ಬಾಗಿಲಷ್ಟು ದೊಡ್ಡ ಟಾರ್ಗೆಟ್ಟು. ಬಾಣ ಅದರ ಮೇಲಿಂದ ಹಾರಿ ಯಾರೂ ಇಲ್ಲದ ಹಿಪ್ಪುನೇರಳೆ ತೋಟಕ್ಕೆ ಹೋಯಿತು.

ಹುಡುಗಿ ತೋಟದ ಕಡೆ ನೋಡಿದಳು, ಅಪ್ಪನ ಕಡೆ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೇ ಕೂತುಬಿಟ್ಟಳು. "ಅಪ್ಪಾ! ಏಳು ಹೆಜ್ಜೆಯಿಂದ!" ಎಂದು ಮತ್ತೆ ನಕ್ಕಳು. ಕಣ್ಣು ಒರೆಸಿಕೊಂಡು ಎದ್ದು, "ಹೋಗು, ಬಾಣ ತಗೊಂಡು ಬಾ. ಸರಿಯಾಗಿ ಹೇಳ್ಕೊಡ್ತೀನಿ" ಎಂದಳು. ಬಿಚ್ಚುವ ಮಾತು ಅವಳು ಮತ್ತೆ ಆಡಲಿಲ್ಲ.

ಭಾವ ತೋಟಕ್ಕೆ ಇಳಿದರು. ಬಾಣ ಮೊದಲ ಸಾಲಿನಲ್ಲೇ, ಬದುವಿನ ಮೇಲೆ ನೆಟ್ಟಗೆ ನಿಂತಿತ್ತು. ನಾನು ನಿಂತಲ್ಲಿಗೇ ಕಾಣುತ್ತಿತ್ತು. ಅವರು ಅದನ್ನು ದಾಟಿಕೊಂಡು ಒಳಗೆ, ಇನ್ನೂ ಒಳಗೆ ಹೋದರು. ನಮ್ಮ ಕಡೆಗೆ ಬೆನ್ನು ಮಾಡಿ ನಿಂತು ಹೆಗಲ ಮೇಲಿನ ಟವೆಲ್ ತೆಗೆದು ಮುಖಕ್ಕೆ ಒತ್ತಿಕೊಂಡರು.

"ಭಾವಾ, ಬಾಣ ಇಲ್ಲೇ..." ಎಂದು ಕೂಗಲು ಬಾಯಿ ತೆರೆದೆ. ಪಕ್ಕದಲ್ಲಿದ್ದ ಅಕ್ಕ ನನ್ನ ತೋಳು ಹಿಡಿದಳು.

"ಹುಡುಕ್ಲಿ ಬಿಡೋ."